ಶಿಷ್ಯ ಗುರುವಾಗುವ ಹಾದಿ: ಗದಗ ಸೀಮೆಯ ಸಂಗೀತಪಾಠ

ರೋಣ ಎಂದೊಡನೆ ಸಂಗೀತಪ್ರಿಯರಿಗೆ 1922ರಲ್ಲಿ ಅಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ನೆನಪಾಗುತ್ತದೆ. ಆದರೆ ರೋಣ, ಗಜೇಂದ್ರಗಡ, ಲಕ್ಕಲಕಟ್ಟಿಯ ಜನರಿಗೆ ಜಿಲ್ಲಾಕೇಂದ್ರವಾದ ಗದಗ ಇನ್ನೊಂದು ದೊಡ್ಡ ಕೆಲಸ ಮಾಡಿದೆ. ಕಲಿಯಲು ಬಂದ ಬಡ ಹುಡುಗರನ್ನು ಅದು ಕಲಿಸುವ ಗುರುಗಳನ್ನಾಗಿ ಮಾಡಿತು. ದೊಡ್ಡ ಗಾಯಕರ ಕಥೆಯಷ್ಟು ಅಕ್ಕರೆಯಿಂದ ಈ ಕಥೆಯನ್ನು ನಾವು ಹೇಳಿಕೊಂಡಿಲ್ಲ.

ಇದರ ಬೇರು ಮಿರಜದಲ್ಲಿದೆ. ಅಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸಂಗೀತ ಶಿಕ್ಷಕರನ್ನು ತಯಾರು ಮಾಡಲೆಂದೇ ಅಲ್ಲಿ ‘ಉಪದೇಶಕ’ ವರ್ಗ ನಡೆಸಿದರು. ಅದೇ ಮಿರಜದ ನೀಲಕಂಠಬುವಾ ನಮ್ಮ ಮಲ್ಲಿಕಾರ್ಜುನ ಮನಸೂರರಿಗೂ ಪಂಚಾಕ್ಷರಿ ಗವಾಯಿಗಳಿಗೂ ಪಾಠ ಹೇಳಿದರು.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದವರು, ಹುಟ್ಟುಕುರುಡರು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಕಲಿತರು. ಆಮೇಲೆ ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಕಡೆಗೆ ಗದಗದ ವೀರೇಶ್ವರ ಪುಣ್ಯಾಶ್ರಮವೇ ಆ ಪಾಠಶಾಲೆಯ ನೆಲೆಯಾಯಿತು. ಅನ್ನ, ವಸತಿ, ಪಾಠ ಯಾವುದಕ್ಕೂ ದುಡ್ಡು ಕೇಳಲಿಲ್ಲ. ಬಂದವರಲ್ಲಿ ಕಣ್ಣಿಲ್ಲದ ಮಕ್ಕಳು ಬಹಳ. ಅವರಿಗೆ ಪುಸ್ತಕ ತೆರೆದು ಪಾಠ ಮಾಡಲಾಗದು. ಕೇಳಬೇಕು, ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ಇಂಥ ಪಾಠಕ್ಕೆ ಪಕ್ಕದಲ್ಲಿ ಕೂತು ಕೇಳುವ ಒಂದು ಕಿವಿ ಬೇಕೇ ಬೇಕು, ಅಷ್ಟೂ ಮಕ್ಕಳಿಗೆ ಗುರು ಒಬ್ಬರೇ ಸಾಲರು. ಗುರುಮನೆಯಲ್ಲಿ ಹೊಸಬರ ಸರಿಗಮ ತಿದ್ದುವುದು ಹಿರಿಯ ಶಿಷ್ಯರ ಪಾಲಿಗೆ ಬರುವುದು ಹೀಗೆ. ತಿದ್ದುವಾಗ ಅವರ ಸ್ವರವೂ ಗಟ್ಟಿಯಾಗುತ್ತದೆ. ಕಲಿಕೆ ಮುಗಿಸಿ ಕಲಿಸಲು ಹೊರಡುವುದಲ್ಲ, ಕಲಿಕೆಯ ನಡುವೆಯೇ ಕಲಿಸುವುದು: ಈ ಪರಂಪರೆಯ ಜೀವ ಇಲ್ಲಿದೆ ಎಂದು ನಾನು ನಂಬಿದ್ದೇನೆ.

1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮ ನಿಲ್ಲಲಿಲ್ಲ. ಗುರುಗಳ ಬಳಿಯೇ ಬೆಳೆದ, ತಾವೂ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಆ ಪೀಠದಲ್ಲಿ ಕೂತರು. ಗಾಯನದ ಜೊತೆ ಪೇಟಿ, ತಬಲಾ, ಸಾರಂಗಿ, ಪಿಟೀಲು ಅವರ ಕೈಗೆ ಒಲಿದಿದ್ದವು. ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು.

ಟಿಸಿಲುಗಳು ದೂರ ಹರಡಿವೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಧಾರವಾಡದಲ್ಲಿ ನೆಲೆಸಿ ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆಯಂಥವರನ್ನು ತಯಾರು ಮಾಡಿದರು. ಪುಟ್ಟರಾಜರ ಶಿಷ್ಯ ಎಂ. ವೆಂಕಟೇಶ ಕುಮಾರರು ಧಾರವಾಡದ ಸಂಗೀತ ಕಾಲೇಜಿನಲ್ಲಿ ಮೂರು ದಶಕ ಪಾಠ ಹೇಳಿದರು. ಮನಸೂರ, ಗಂಗೂಬಾಯಿ ಹಾನಗಲ್ಲರಂಥವರೂ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದು ಕಲಿಸಿದರು. ಗುರುಮನೆಯ ಪದ್ಧತಿಯನ್ನೇ ಉಳಿಸಲೆಂದು ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ ಶುರುವಾಯಿತು.

ಕಾಲೇಜು ಬಂದದ್ದರಿಂದ ಕಲಿಸುವವರಿಗೆ ಸಂಬಳ ಸಿಕ್ಕಿತು, ಮರ್ಯಾದೆ ಸಿಕ್ಕಿತು. ಅದು ಸಣ್ಣ ಮಾತಲ್ಲ. ಆದರೆ ಪದವಿ ಪರೀಕ್ಷೆ ಅಳೆಯುವುದು ಹಾಡುಗಾರಿಕೆಯನ್ನು ಮತ್ತು ಶಾಸ್ತ್ರವನ್ನು. ಒಂದು ಮಗುವಿನ ಶ್ರುತಿ ಎಲ್ಲಿ ಜಾರುತ್ತಿದೆ ಎಂದು ಹಿಡಿದು ತಿದ್ದುವ ಕಸುವಿಗೆ ಅಂಕವಿಲ್ಲ. ಪದವಿಯ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಇಬ್ಬರು ಹೊಸಬರನ್ನು ಒಪ್ಪಿಸಿ, ವರ್ಷದ ಕೊನೆಗೆ ಆ ಹೊಸಬರನ್ನೂ ಹಾಡಿಸಿ ನೋಡಬೇಕು. ಆಶ್ರಮದಲ್ಲಿ ಕಲಿತು ಹಳ್ಳಿಗಳಲ್ಲಿ ಭಜನೆಗೆ ಪೇಟಿ ನುಡಿಸುತ್ತ, ಮಕ್ಕಳಿಗೆ ಪಾಠ ಹೇಳುತ್ತ ಬದುಕುವವರನ್ನು ಈ ಕೆಲಸಕ್ಕೆ ಕರೆಯಬಹುದು, ಸಂಬಳ ಕೊಟ್ಟು.