ಪರದೆಯ ಚಿತ್ರ ಸಿಗದಿದ್ದಾಗ: ಪ್ರಿಂಟ್ ಸ್ಕ್ರೀನ್ ಕೀಲಿಯ ಚರಿತ್ರೆ

2021ರ ನವೆಂಬರ್ ತಿಂಗಳ ಮೊದಲ ದಿನಗಳಲ್ಲಿ ವಿಂಡೋಸ್ 11 ಬಳಸುತ್ತಿದ್ದ ಅನೇಕರ ಗಣಕಯಂತ್ರಗಳಲ್ಲಿ ಸ್ನಿಪ್ಪಿಂಗ್ ಟೂಲ್ ತೆರೆದುಕೊಳ್ಳಲಿಲ್ಲ. ಪರದೆಯ ಮೇಲಿರುವುದನ್ನು ಚಿತ್ರವಾಗಿ ಹಿಡಿಯುವ ಆ ಸಾಧನಕ್ಕೆ ಬಳಕೆದಾರರು ಯಾವ ಹಾನಿಯನ್ನೂ ಮಾಡಿರಲಿಲ್ಲ. ಅದರ ಅಸಲಿತನಕ್ಕೆ ಸಾಕ್ಷಿಯಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಅಕ್ಟೋಬರ್ 31ರಂದು ಮುಗಿದಿತ್ತು. ದುರಸ್ತಿ ಬರುವವರೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡಿದ ಸಲಹೆ ಸರಳವಾಗಿತ್ತು: ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಒತ್ತಿ, ಚಿತ್ರವನ್ನು ಪೇಂಟ್‌ನಲ್ಲಿ ಅಂಟಿಸಿಕೊಳ್ಳಿ. ಹೊಸ ಸಾಧನ ನಿಂತಾಗಲೂ ಹಳೆಯ ಕೀಲಿ ಕೆಲಸ ಮಾಡಿದ್ದೇಕೆ ಎಂಬುದಕ್ಕೆ ಉತ್ತರ ಆ ಕೀಲಿಯ ಚರಿತ್ರೆಯಲ್ಲಿದೆ.

ಕೀಲಿಗಿಂತ ಮೊದಲು ಇದ್ದುದು ಕ್ಯಾಮೆರಾ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಸಿ.ಟಿ. ಸ್ಕ್ಯಾನ್ ನಡೆಯಿತು. ಅಂದಿನ ಸಿ.ಟಿ. ಯಂತ್ರಗಳ ಪರದೆಯಲ್ಲಿ ಮೂಡಿದ ಚಿತ್ರವನ್ನು ಪೋಲರಾಯ್ಡ್ ಕ್ಯಾಮೆರಾದಿಂದ ತೆಗೆದಿಡುತ್ತಿದ್ದರು. ನಮ್ಮ ವೈದ್ಯವೃತ್ತಿಗೆ ಪರದೆಯ ಚಿತ್ರ ಅಷ್ಟು ಹಳೆಯದು.

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಪ್ರಿಂಟ್ ಸ್ಕ್ರೀನ್ ಇತ್ತು. ಶಿಫ್ಟ್ ಜೊತೆಗೆ ಅದನ್ನು ಒತ್ತಿದರೆ ಪರದೆಯ ಅಕ್ಷರಗಳು ನೇರವಾಗಿ ಮುದ್ರಕಕ್ಕೆ ಹೋಗುತ್ತಿದ್ದವು. ಹೆಸರಿಗೆ ತಕ್ಕ ಕೆಲಸ. ಚಿತ್ರಗಳನ್ನು ಮುದ್ರಿಸಲು ಮಾತ್ರ ಡಾಸ್‌ನಲ್ಲಿ ಗ್ರಾಫಿಕ್ಸ್ ಎಂಬ ಆದೇಶವನ್ನು ಮೊದಲೇ ನೀಡಿರಬೇಕಿತ್ತು. ಕೆಲಸ ನಿಂತರೆ ಮುದ್ರಕ ಆರಿದೆಯೇ, ಕಾಗದ ಮುಗಿದಿದೆಯೇ ಎಂದು ನೋಡಿದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. ದೋಷ ಕಣ್ಣಿಗೆ ಕಾಣುತ್ತಿತ್ತು.

ವಿಂಡೋಸ್ ಬಂದಾಗ ಕೀಲಿಯ ಹೆಸರು ಉಳಿದು ಕೆಲಸ ಬದಲಾಯಿತು. ಚಿತ್ರ ಕಾಗದಕ್ಕೆ ಹೋಗದೆ ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ನೆನಪಿಗೆ ಹೋಯಿತು. ಸದ್ದಿಲ್ಲ, ಸುಳಿವಿಲ್ಲ; ಆದ್ದರಿಂದಲೇ ಕೀಲಿ ಕೆಟ್ಟಿದೆ ಎಂದು ಭಾವಿಸಿದವರು ಅನೇಕರು. ಮುಂದೆ 2007ರ ವಿಂಡೋಸ್ ವಿಸ್ಟಾದೊಡನೆ ಸ್ನಿಪ್ಪಿಂಗ್ ಟೂಲ್ ಬಂದಿತು. 2009ರ ವಿಂಡೋಸ್ 7, ತನ್ನ ಕಿಟಕಿಯ ಚಿತ್ರ ತೆಗೆಯದಂತೆ ತಡೆಯುವ ಅವಕಾಶವನ್ನು ತಂತ್ರಾಂಶಗಳಿಗೆ ನೀಡಿತು. ಕೆಲವು ಪುಟಗಳ ಚಿತ್ರ ಕಪ್ಪಾಗಿ ಬಂದರೆ ಅದು ದೋಷವಲ್ಲ, ನಿರಾಕರಣೆ. 2012ರ ವಿಂಡೋಸ್ 8ರಿಂದ ವಿಂಡೋಸ್ ಕೀಲಿಯೊಡನೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ತಾನಾಗಿ ಕಡತವಾಗತೊಡಗಿತು. ಈಗಿನ ವಿಂಡೋಸ್ 11ರಲ್ಲಿ ಅದೇ ಕೀಲಿ ಸ್ನಿಪ್ಪಿಂಗ್ ಟೂಲನ್ನೇ ತೆರೆಯಬಹುದು.

ಕನ್ನಡಿಗರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಯೂನಿಕೋಡ್ ಎಲ್ಲೆಡೆ ಬಳಕೆಗೆ ಬರುವ ಮುನ್ನ ಇಲ್ಲಿ ಟೈಪಿಸಿದ ಕನ್ನಡ, ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗುತ್ತಿತ್ತು. ಅಕ್ಷರವನ್ನು ಚಿತ್ರವಾಗಿಸಿ ಕಳುಹಿಸುವುದು ಆಗಿನ ಒಂದು ದಾರಿ.

ಹೀಗೆ ಪದರದ ಮೇಲೆ ಪದರ ಸೇರಿದೆ. ಆದ್ದರಿಂದ ಪರೀಕ್ಷೆ ಕೆಳಗಿನ ಪದರದಿಂದ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲು ಕೀಲಿಯನ್ನು ಒತ್ತಿ ಪೇಂಟ್‌ನಲ್ಲಿ ಅಂಟಿಸಿ ನೋಡೋಣ. ಚಿತ್ರ ಬಂದರೆ ಕೀಲಿಗೆ ತೊಂದರೆಯಿಲ್ಲ. ಬಾರದಿದ್ದರೆ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕು. ಬಳಿಕ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಕೀಬೋರ್ಡ್ ಪುಟವನ್ನು ತೆರೆದು, ಆ ಕೀಲಿಗೆ ಯಾವ ಕೆಲಸ ಒಪ್ಪಿಸಲಾಗಿದೆ ಎಂದು ನೋಡಬೇಕು. ಒನ್‌ಡ್ರೈವ್‌ನಂತಹ ತಂತ್ರಾಂಶವೂ ಅದನ್ನು ವಶಪಡಿಸಿಕೊಂಡಿರಬಹುದು. ವಿಂಡೋಸ್ ಕೀಲಿಯೊಡನೆ ತೆಗೆದ ಚಿತ್ರವನ್ನು ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಕಡತಕೋಶದಲ್ಲಿ ಹುಡುಕಬೇಕು. ಸ್ನಿಪ್ಪಿಂಗ್ ಟೂಲ್ ಒಂದೇ ಮೊಂಡು ಹಿಡಿದರೆ ಯಂತ್ರದ ದಿನಾಂಕ, ಬಾಕಿ ಉಳಿದ ಅಪ್‌ಡೇಟ್‌ಗಳನ್ನು ಪರಿಶೀಲಿಸಿ, ಆ್ಯಪ್ಸ್ ವಿಭಾಗದಲ್ಲಿ ರಿಪೇರ್ ಆಯ್ಕೆಯನ್ನು ಬಳಸಬಹುದು.

ಆದರೆ ವೀಸಾ ಅರ್ಜಿಯ ಸಂಖ್ಯೆಯೋ ಹಣ ಸಂದಾಯದ ರಸೀದಿಯೋ ಪರದೆಯ ಮೇಲಿದ್ದು, ಆ ಪುಟ ಮತ್ತೆ ಕಾಣಿಸದೆಂಬ ಅನುಮಾನವಿದ್ದರೆ ಈ ಪರೀಕ್ಷೆಗಳು ಆಮೇಲೆ ನಡೆಯಲಿ. ಪುಟವನ್ನು ಮುಚ್ಚದೆ, ಮೊದಲು ಮೊಬೈಲಿನಿಂದ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಪೋಲರಾಯ್ಡ್ ಕಾಲದ ಆ ಉಪಾಯಕ್ಕೆ ಕೀಲಿಯೂ ಬೇಡ, ಪ್ರಮಾಣಪತ್ರವೂ ಬೇಡ.