ಠಾಣೆ, ಕೋರ್ಟು, ಆಸ್ಪತ್ರೆ: ಒಂದೇ ಕಡತ ಏಕೆ ಬೇಕು?

ಮಾನಸಿಕ ಕಾಯಿಲೆ ಅಥವಾ ಕುಡಿತ, ಗಾಂಜಾದ ವ್ಯಸನ ಇರುವವರ ಮೇಲೆ ಕೇಸು ದಾಖಲಾದರೆ ಮನೆಯವರು ಠಾಣೆ, ಕೋರ್ಟು, ಜೈಲು, ಆಸ್ಪತ್ರೆ ಎಂದು ನಾಲ್ಕು ಕಡೆ ಅಲೆಯಬೇಕಾಗುತ್ತದೆ. ಒಂದು ಕಡೆಯ ವಿಷಯ ಇನ್ನೊಂದು ಕಡೆಗೆ ತಿಳಿದಿರುವುದಿಲ್ಲ. ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ, ವಾಯಿದೆ ತಪ್ಪುತ್ತದೆ, ವಾರಂಟು ಬರುತ್ತದೆ. ಅಮೆರಿಕದಂಥ ಕಡೆ ಇದನ್ನೆಲ್ಲ ಹೊಂದಿಸಲು 'ಕೇಸ್ ಮ್ಯಾನೇಜರ್' ಎಂಬುವರು ಇರುತ್ತಾರೆ. ನಮ್ಮಲ್ಲಿ ಆ ಕೆಲಸ ಸಾಮಾನ್ಯವಾಗಿ ಮನೆಯವರ ಮೇಲೇ ಬೀಳುತ್ತದೆ. ಸದಸ್ಯರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಇದು ಅಪರೂಪದ ಸಮಸ್ಯೆಯಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ನಿಮ್ಹಾನ್ಸ್ ತಜ್ಞರು 5,024 ಕೈದಿಗಳನ್ನು ಸಂದರ್ಶಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಶೇ. 79.6 ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಸಮಸ್ಯೆ ಇತ್ತು. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ ಶೇ. 27.6 ಮಂದಿಗೆ ಮಾನಸಿಕ ಕಾಯಿಲೆ ಇತ್ತು.

ಗಡಿಯವರ ತೊಂದರೆ

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಆದರೂ ದೊಡ್ಡ ಕಾಯಿಲೆ ಎಂದರೆ ಇಂದಿಗೂ ನಮ್ಮವರು ಬಳ್ಳಾರಿ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ. ಹೀಗಾಗಿ ಎಫ್‌ಐಆರ್ ತೆಲುಗಿನಲ್ಲಿ, ಔಷಧದ ಚೀಟಿ ಇಂಗ್ಲಿಷಿನಲ್ಲಿ, ಮನೆಮಾತು ಕನ್ನಡದಲ್ಲಿ. 'ಜಿಲ್ಲೆ ಬಿಟ್ಟು ಹೋಗಬಾರದು' ಎಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿದರೆ ಬೆಂಗಳೂರಿನ ಚಿಕಿತ್ಸೆಯೇ ನಿಂತುಹೋಗುತ್ತದೆ. ಜಾಮೀನು ಅರ್ಜಿಯ ಜೊತೆಯಲ್ಲೇ ಆಸ್ಪತ್ರೆ ಕಾಗದ ಹಾಜರುಪಡಿಸಿ ಚಿಕಿತ್ಸೆಗೆ ಹೋಗಲು ಅನುಮತಿ ಕೇಳಬೇಕು. ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ತೆರೆದ ಕೋರ್ಟಿನಲ್ಲಿ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನೇ ಹೇಳುತ್ತದೆ. ಕನ್ನಡದಲ್ಲಿ ಬೇಕೆಂದು ವಕೀಲರ ಮೂಲಕ ಕೇಳಬಹುದು.

ಕಾನೂನು ಏನು ಕೊಡುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ: ಮಾನಸಿಕ ಕಾಯಿಲೆಯಿಂದ ದಿಕ್ಕುಗಾಣದೆ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಜೈಲಿನಲ್ಲಿರುವ ರೋಗಿಯನ್ನು ಚಿಕಿತ್ಸೆಗೆ ವರ್ಗಾಯಿಸಲೂ ಅವಕಾಶವಿದೆ. ರೋಗಿ ತನ್ನ ಪರವಾಗಿ ಒಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ಬರವಣಿಗೆಯಲ್ಲಿ ಗೊತ್ತು ಮಾಡಬಹುದು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕಲಂ 367ರಿಂದ: ಆರೋಪಿಗೆ ತನ್ನ ಪರ ವಾದಿಸಿಕೊಳ್ಳುವ ಮಾನಸಿಕ ಸ್ಥಿತಿ ಇಲ್ಲವೆಂದು ಕಂಡರೆ ವೈದ್ಯಕೀಯ ಪರೀಕ್ಷೆ ಮಾಡಿಸಿ ವಿಚಾರಣೆ ಮುಂದೂಡಬಹುದು. ಇದು ಖುಲಾಸೆಯಲ್ಲ.

ಮಾದಕ ವಸ್ತುಗಳ ಕಾಯ್ದೆ, ಕಲಂ 64ಎ: ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾದರೆ ಪ್ರಾಸಿಕ್ಯೂಷನ್‌ನಿಂದ ವಿನಾಯಿತಿ ಪಡೆಯಬಹುದು. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗುತ್ತದೆ. ಗಾಂಜಾದ ಅಲ್ಪ ಪ್ರಮಾಣದ ಮಿತಿ 1 ಕಿಲೋ, ಹೆರಾಯಿನ್‌ಗೆ 5 ಗ್ರಾಂ.

ಉಚಿತ ವಕೀಲರು: ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಅರ್ಜಿ ಬರೆಯಲು, ಕಚೇರಿಗಳಿಗೆ ಜೊತೆಗೆ ಬರಲು ಅಲ್ಲಿನ ಪ್ಯಾರಾ ಲೀಗಲ್ ಸ್ವಯಂಸೇವಕರ ನೆರವು ಕೇಳಿ.

ಎರಡು ಅಪಾಯದ ಹೊತ್ತು

ಮೊದಲನೆಯದು ಬಂಧನದ ಮೊದಲ ಮೂರು ದಿನ. ನಿತ್ಯ ಹೆಚ್ಚು ಕುಡಿಯುವವರಿಗೆ ಕುಡಿತ ಥಟ್ಟನೆ ನಿಂತಾಗ ನಡುಕ, ಫಿಟ್ಸು, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಇದನ್ನು 'ನಾಟಕ' ಎಂದು ಬಿಡಬಾರದು. ಠಾಣೆಯವರಿಗೆ, ಪರೀಕ್ಷಿಸುವ ವೈದ್ಯರಿಗೆ, ಮ್ಯಾಜಿಸ್ಟ್ರೇಟರಿಗೆ ಕುಡಿತದ ಪ್ರಮಾಣವನ್ನೂ ದಿನದ ಮಾತ್ರೆಗಳನ್ನೂ ಮುಚ್ಚಿಡದೆ ತಿಳಿಸಿ.

ಎರಡನೆಯದು ಬಿಡುಗಡೆಯ ನಂತರದ ಮೊದಲ ಎರಡು ವಾರ. ಹೆರಾಯಿನ್‌ನಂಥ ವಸ್ತು ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಮಾನಸಿಕ ರೋಗಿಗೆ ಜೈಲಿನ ಮಾತ್ರೆ ಮುಗಿದು ಹೊರಗಿನದು ಶುರುವಾಗದ ಹೊತ್ತೂ ಇದೇ. ಬಿಡುಗಡೆಗೆ ಮೊದಲೇ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಳ್ಳಿ, ಜೈಲಿನ ವೈದ್ಯರ ಚೀಟಿ ಕೇಳಿ ಪಡೆಯಿರಿ.

ಕಡತದಲ್ಲಿ ಏನಿರಬೇಕು?

1. ಎಫ್‌ಐಆರ್, ಜಾಮೀನು ಆದೇಶದ ಪ್ರತಿ. ಷರತ್ತುಗಳು ಕನ್ನಡದಲ್ಲಿ ಬರೆದು ಮೇಲುಗಡೆ
2. ಡಿಸ್ಚಾರ್ಜ್ ಚೀಟಿ, ಈಗಿನ ಮಾತ್ರೆಗಳ ಪಟ್ಟಿ
3. ಕೋರ್ಟಿನ ವಾಯಿದೆ, ಠಾಣೆಯಲ್ಲಿ ಸಹಿ ಮಾಡುವ ದಿನ, ಆಸ್ಪತ್ರೆಯ ದಿನ – ಮೂರೂ ಒಂದೇ ಕ್ಯಾಲೆಂಡರಿನಲ್ಲಿ. ಎರಡು ಒಂದೇ ದಿನ ಬಿದ್ದರೆ ವಕೀಲರಿಗೆ ಮುಂಚಿತವಾಗಿ ತಿಳಿಸಿ
4. ವಕೀಲರು, ವೈದ್ಯರ ಫೋನ್ ಸಂಖ್ಯೆ

ಈ ಕಡತ ಮನೆಯ ಒಬ್ಬರ ಹೊಣೆಯಲ್ಲಿರಲಿ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಒಬ್ಬರಿಗೆ ಆಗದಿದ್ದಾಗ ಕೈಗೆತ್ತಿಕೊಳ್ಳಲು ಇನ್ನೊಬ್ಬರಿರಲಿ. ರೋಗಿಯ ವಿವರ ಗುಟ್ಟಾಗಿರಬೇಕು. ಅದು ಅವರ ಹಕ್ಕು. ವಾಟ್ಸಾಪ್ ಗುಂಪಿನಲ್ಲಿ ಹೆಸರು, ಚೀಟಿ ಹಾಕಬಾರದೆಂದು ಸದಸ್ಯರಲ್ಲಿ ವಿನಂತಿ.

ಸಹಾಯವಾಣಿಗಳು: ಕಾನೂನು ನೆರವು 15100, ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು, ವ್ಯಸನಮುಕ್ತಿ 14446.