ಬರವೊಂದೇ ಧೂಳೆಬ್ಬಿಸದು

1930ರ ದಶಕದಲ್ಲಿ ಅಮೆರಿಕದ ಕಾನ್ಸಾಸ್, ಒಕ್ಲಹೋಮ, ಟೆಕ್ಸಸ್, ಕೊಲೊರಾಡೊ, ನ್ಯೂ ಮೆಕ್ಸಿಕೊ ರಾಜ್ಯಗಳು ಕೂಡುವ ಒಣ ಬಯಲಿನಲ್ಲಿ ಹೊಲದ ಮೇಲ್ಮಣ್ಣೇ ಆಕಾಶಕ್ಕೆದ್ದಿತು. ‘ಡಸ್ಟ್ ಬೌಲ್’ ಎಂದು ಹೆಸರಾದ ಈ ದುರಂತದಲ್ಲಿ ಹವಾಮಾನದ ಪಾಲೆಷ್ಟು, ಬೇಸಾಯದ ಪಾಲೆಷ್ಟು?

ಕಣ ಏಳುವ ಬಗೆ

ತೀರಾ ನುಣ್ಣನೆಯ ಮಣ್ಣನ್ನು ಗಾಳಿ ನೇರವಾಗಿ ಎತ್ತಲಾರದು. ಆ ಕಣಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಮೊದಲು ಅಲುಗುವುದು ಸುಮಾರು 0.1 ಮಿಲಿಮೀಟರ್ ಗಾತ್ರದ ಮರಳಿನ ಕಣ. ಅದು ಕುಪ್ಪಳಿಸಿ ನೆಲಕ್ಕೆ ಬಡಿದಾಗ ಜೇಡಿಯ ಸಣ್ಣ ಕಣಗಳು ಸಿಡಿದೆದ್ದು ದಿನಗಟ್ಟಲೆ ತೇಲುತ್ತವೆ. ನೆಲ ತೇವವಾಗಿದ್ದರೆ, ಹುಲ್ಲೋ ಕೂಳೆಯೋ ಗಾಳಿಯ ವೇಗ ಮುರಿಯುತ್ತಿದ್ದರೆ, ಇದು ಶುರುವಾಗುವುದೇ ಕಷ್ಟ.

ಹುಲ್ಲು ಕಿತ್ತ ಬಯಲು

ಮೊದಲ ಮಹಾಯುದ್ಧದಲ್ಲಿ ಗೋಧಿಯ ಬೆಲೆ ಏರಿತು, ಆಮೇಲೆ ಟ್ರ್ಯಾಕ್ಟರ್ ಬಂತು. ಮಣ್ಣನ್ನು ಬೇರುಗಳಿಂದ ಹಿಡಿದಿಟ್ಟಿದ್ದ ಬಫಲೋ ಹುಲ್ಲುಗಾವಲು ಉಳುಮೆಗೆ ಬಲಿಯಾಯಿತು. ಡಿಸ್ಕ್ ನೇಗಿಲು ಹೆಂಟೆಯನ್ನೂ ಉಳಿಸದೆ ಪುಡಿ ಮಾಡಿತು. 1931ರಲ್ಲಿ ಭರ್ಜರಿ ಬೆಳೆ ಬಂದರೂ ಬೆಲೆ ಕುಸಿದು, ಸಾಲಗಾರ ರೈತರಲ್ಲಿ ಹಲವರು ಇನ್ನಷ್ಟು ಉತ್ತರು, ಕೆಲವರು ಹೊಲ ಬಿಟ್ಟುಹೋದರು. ಅವರನ್ನಷ್ಟೇ ದೂರುವುದು ಅನ್ಯಾಯ; ಮಾರುಕಟ್ಟೆ ಅವರಿಗೆ ಬೇರೆ ದಾರಿ ಬಿಟ್ಟಿರಲಿಲ್ಲ.

ಧೂಳು ಹೆಚ್ಚಿಸಿದ ಬರ

1930ರ ದಶಕದಲ್ಲಿ ಬಂದ ಬರದ ಮೂಲ ದೂರದ ಕಡಲಲ್ಲಿತ್ತು. ಉಷ್ಣವಲಯದ ಪೆಸಿಫಿಕ್ ಕೊಂಚ ತಣ್ಣಗಾಗಿ, ಅಟ್ಲಾಂಟಿಕ್ ಬೆಚ್ಚಗಾಗಿ, ಮಳೆ ತರುವ ಗಾಳಿ ಸೊರಗಿತು. ಆದರೆ ಕಡಲಿನ ಉಷ್ಣತೆಯೊಂದನ್ನೇ ಕಂಪ್ಯೂಟರ್ ಮಾದರಿಗೆ ಕೊಟ್ಟರೆ ಬರ ಅಷ್ಟು ತೀವ್ರವಾಗಿ ಮೂಡುವುದಿಲ್ಲ. ಬೋಳಾದ ನೆಲವನ್ನೂ ಧೂಳನ್ನೂ ಸೇರಿಸಿದಾಗ ನಿಜದ ಬರಕ್ಕೆ ಹತ್ತಿರವಾಗುತ್ತದೆ. ತೇಲುವ ಧೂಳು ಬಿಸಿಲನ್ನು ತಡೆದು, ನೆಲದಿಂದ ಆವಿಯಾಗುವ ನೀರನ್ನು ಕಡಿಮೆ ಮಾಡಿ, ಮಳೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಈ ಕಥೆಯಲ್ಲಿ ನನ್ನನ್ನು ಅತಿ ಕಂಗೆಡಿಸುವುದು ಇದೇ: ಉಳುಮೆ ಮಳೆಯನ್ನೂ ಕಸಿದಿತ್ತು.

ಕಾನೂನು, ಬದು, ಕೂಳೆ

1934ರ ಮೇ ತಿಂಗಳಲ್ಲಿ ಒಣ ಬಯಲುಗಳ ಧೂಳು ನ್ಯೂಯಾರ್ಕ್ ದಾಟಿ ಅಟ್ಲಾಂಟಿಕ್‌ನ ಹಡಗುಗಳ ಮೇಲೂ ಬಿತ್ತು. 1935ರ ಏಪ್ರಿಲ್ 14ರಂದು, ‘ಕಪ್ಪು ಭಾನುವಾರ’, ಹಗಲೇ ಕತ್ತಲಾಯಿತು. ಮಣ್ಣುತಜ್ಞ ಹ್ಯೂ ಹ್ಯಾಮಂಡ್ ಬೆನೆಟ್ ಪಟ್ಟುಹಿಡಿದು ವಾದಿಸುತ್ತಿದ್ದ ಮಣ್ಣು ಸಂರಕ್ಷಣಾ ಕಾನೂನು ಅದೇ ತಿಂಗಳ 27ರಂದು ಜಾರಿಗೆ ಬಂತು. ಇಳಿಜಾರಿಗೆ ಅಡ್ಡ ಉಳುಮೆ, ಬದು, ಪಟ್ಟಿ ಬೇಸಾಯ, ಗಾಳಿ ತಡೆಯುವ ಮರಗಳ ಸಾಲು, ಹೊಲದಲ್ಲೇ ಕೂಳೆ ಬಿಡುವುದು ರೂಢಿಯಾದವು. 1950ರ ದಶಕದಲ್ಲಿ ಮತ್ತೆ ಘೋರ ಬರ ಬಂದಾಗ ಧೂಳೆದ್ದರೂ ಹಿಂದಿನಷ್ಟಲ್ಲ. ಆಮೇಲೆ ಅಲ್ಲಿನ ಬೇಸಾಯಕ್ಕೆ ಆಸರೆಯಾದ ಒಗಲ್ಲಾಲ ಅಂತರ್ಜಲ ಈಗ ಇಳಿಯುತ್ತಿದೆ. ನೀರು ಬತ್ತಿದ ಹೊಲಕ್ಕೆ ಹುಲ್ಲು ಬಿತ್ತುವುದೋ, ಬರಿದೇ ಬಿಡುವುದೋ ಎಂಬುದನ್ನು ಅಲ್ಲಿನ ರೈತರು ಈಗ ತೀರ್ಮಾನಿಸಬೇಕಾಗಿದೆ.